ಬಯಲಲ್ಲಿದ್ದ ಹಳೇ ಅಕ್ವೇರಿಯಂ: ತರೋದೋ, ಬಿಟ್ಟು ಬರೋದೋ?

ಮೀನು ಸತ್ತವು, ಮಗ ಹಾಸ್ಟೆಲ್‌ಗೆ ಹೋದ, ಟ್ಯಾಂಕು ಮಾಳಿಗೆ ಹತ್ತಿತು. ಎರಡು ಮಳೆಗಾಲ, ಮೂರು ಬೇಸಿಗೆ ಅಲ್ಲೇ ಕಳೆದ ಮೇಲೆ ಮೊಬೈಲಿಗೆ ಫೋಟೋ ಬರುತ್ತದೆ: "4 ಅಡಿ ಅಕ್ವೇರಿಯಂ, ಸ್ಟ್ಯಾಂಡ್ ಸಮೇತ, ಅರ್ಜೆಂಟ್ ಮಾರಾಟ." ದಾವಣಗೆರೆ, ಚಿತ್ರದುರ್ಗದ ಕಡೆ ಹಳೇ ಟ್ಯಾಂಕು ಹುಡುಕುವವರಿಗೆ ಇಂಥವು ಆಗಾಗ ಎದುರಾಗುತ್ತವೆ. ಆಗ ಎಲ್ಲರೂ ಕೇಳುವ ಮಾತು ಒಂದೇ, "ಬಿಸಿಲಿಗೆ ಸಿಲಿಕೋನ್ ಹೋಗಿರುತ್ತಲ್ವಾ?"

ಕೇಳಬೇಕಾದ್ದು ಅದಲ್ಲ. ಟ್ಯಾಂಕಿನ ಗಾಜುಗಳನ್ನು ಒಂದಕ್ಕೊಂದು ಹಿಡಿದಿರುವ ರಬ್ಬರಿನಂಥ ಅಂಟೇ ಸಿಲಿಕೋನ್, ಅದು ಬಿಸಿಲಿಗೆ ಅಷ್ಟು ಸುಲಭಕ್ಕೆ ಸೋಲುವ ವಸ್ತುವಲ್ಲ. ದೊಡ್ಡ ಕಟ್ಟಡಗಳ ಹೊರಮೈಗೆ ಗಾಜು ಅಂಟಿಸುವುದೂ ಸಿಲಿಕೋನಿನಿಂದಲೇ, ಅದು ವರ್ಷಗಟ್ಟಲೆ ಬಿಸಿಲಿಗೇ ಮೈಯೊಡ್ಡಿರುತ್ತದೆ. ಬಯಲಲ್ಲಿದ್ದ ಟ್ಯಾಂಕು ಕೆಡುವುದು ಹೆಚ್ಚಾಗಿ ಅದು ಕೂತ ನೆಲದಿಂದ, ಇಲ್ಲವೇ ಅದರೊಳಗೆ ಬಂದು ನಿಂತದ್ದರಿಂದ. ಎಷ್ಟು ದಿನ ಬಿಸಿಲಲ್ಲಿತ್ತು ಅನ್ನುವುದನ್ನು ಆಮೇಲೆ ಕೇಳಿ. ಹೇಗೆ ಕೂತಿತ್ತು, ಒಳಗೇನಿತ್ತು ಅನ್ನುವುದನ್ನು ಮೊದಲು ಕೇಳಿ.

ಇಟ್ಟ ಜಾಗ ನೋಡಿ ಅರ್ಧ ತೀರ್ಮಾನ

ಎಲ್ಲಕ್ಕಿಂತ ವಾಸಿ, ತಗಡಿನ ಶೆಡ್ಡಿನಲ್ಲೋ ಹೊರಮೆಟ್ಟಿಲ ಕೆಳಗೋ ಹಲಗೆಯ ಮೇಲೆ ಬೋರಲು ಹಾಕಿಟ್ಟ ಟ್ಯಾಂಕು. ಮಳೆ ನೀರು ನಿಂತಿಲ್ಲ, ಒಳಗೆ ಏನೂ ಕೊಳೆತಿಲ್ಲ. ಬೋರಲಿದ್ದುದರಿಂದ ಭಾರವೆಲ್ಲ ಮೇಲಂಚಿನ ಮೇಲೆ ಬಿದ್ದಿರುತ್ತದೆ. ಅಲ್ಲಿ ಗಾಜಿನ ಚೂರು ಹಾರಿದೆಯೇ, ಮೇಲೆ ಅಂಟಿಸಿದ ಗಾಜಿನ ಅಡ್ಡಪಟ್ಟಿ ಬಿಟ್ಟಿದೆಯೇ ಎಂದು ನೋಡಿಕೊಂಡರೆ ದೊಡ್ಡ ಆತಂಕ ಕಳೆಯಿತು.

ಆಮೇಲಿನದು ಮಾಳಿಗೆ ಮೇಲಿನ ಟ್ಯಾಂಕು. ಆರ್‌ಸಿಸಿ ಮಾಳಿಗೆಗೆ ನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ, ಮೇಲೆ ಮರಳು, ಜಲ್ಲಿ ಚೂರು ಬಿದ್ದಿರುತ್ತದೆ. ಥರ್ಮೋಕೋಲ್ ಹಾಸದೆ ಬಾಯಿ ಮೇಲಾಗಿ ಇಟ್ಟ ಟ್ಯಾಂಕಿನೊಳಗೆ ಮಳೆ ನೀರೋ ಸಿಂಟೆಕ್ಸ್‌ನ ಓವರ್‌ಫ್ಲೋ ಪೈಪಿನ ನೀರೋ ಬಂದು ನಿಂತಿತೆಂದುಕೊಳ್ಳಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿ ಒಂದು ಗೇಣು ನೀರೆಂದರೆ 125 ಕೆ.ಜಿ. ಮೀರುತ್ತದೆ. ಆ ಭಾರ ತಳಗಾಜಿನ ಕೆಳಗಿನ ಒಂದು ಜಲ್ಲಿ ಹರಳಿನ ಮೇಲೆ ಕೂತರೆ ಗಾಜು ಸೀಳುತ್ತದೆ, ಇಲ್ಲವೇ ಸೀಳಲು ಸಿದ್ಧವಾಗಿ ಕೂತಿರುತ್ತದೆ. ಹಾಗಾಗಿ ಮಾಳಿಗೆ ಟ್ಯಾಂಕಿನಲ್ಲಿ ಮೊದಲು ತಳ ನೋಡಬೇಕು. ಖಾಲಿಯಾಗಿ, ಒಣಗಿ, ಸಮನಾದ ಹಲಗೆ ಮೇಲಿದ್ದರೆ ಮೂರು ಬೇಸಿಗೆ ಕಂಡಿದ್ದರೂ ಹೆದರಬೇಕಿಲ್ಲ.

ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಬಾಯಿ ತೆರೆದು ಕೂತದ್ದರ ಕತೆ ಬೇರೆ. ನೆರಳಲ್ಲಿತ್ತಲ್ಲ, ಒಳ್ಳೇದೇ ಆಯ್ತು ಅಂತ ಮಾರುವವರು ಹೇಳುತ್ತಾರೆ. ನೆರಳಲ್ಲಿ ನೀರು ಬೇಗ ಆರುವುದಿಲ್ಲ. ಎಲೆ ಕೊಳೆತು ಪಾಚಿ ಕಟ್ಟಿ, ಆ ಪಾಚಿ ಸಿಲಿಕೋನ್ ಮತ್ತು ಗಾಜಿನ ನಡುವೆ ಸಂದು ಸಿಕ್ಕಲ್ಲಿ ನುಗ್ಗುತ್ತದೆ. ಒಂದು ಕಡೆಯ ಇಟ್ಟಿಗೆ ಮಣ್ಣಿಗೆ ಇಳಿದು ಟ್ಯಾಂಕು ತಿರುಚಿಕೊಂಡಿರುವುದೂ ಉಂಟು. ಮಾಳಿಗೆಯ ಸುಡುಬಿಸಿಲಿನ ಟ್ಯಾಂಕು ಮತ್ತು ಹಿತ್ತಲಿನ ನೆರಳಿನ ಟ್ಯಾಂಕು ಎರಡೂ ಒಂದೇ ಬೆಲೆಗೆ ಸಿಕ್ಕರೆ ಮಾಳಿಗೆಯದನ್ನು ತನ್ನಿ.

ಕೊನೆಯ ಬಗೆ ತೋಟದ ಮನೆಯದು. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಿಂದಲೋ ಮೆಕ್ಕೆಜೋಳದ ಹೊಲದ ಶೆಡ್ಡಿನಿಂದಲೋ ಬರುವ ಟ್ಯಾಂಕು ನೋಡಲು ಗಟ್ಟಿಮುಟ್ಟಾಗಿರಬಹುದು. ಅದರಲ್ಲಿ ಏನು ಕಲಸಿದ್ದರು, ಏನು ಸುರಿದಿಟ್ಟಿದ್ದರು ಅನ್ನುವುದು ಮುಖ್ಯ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದಲ್ಲಿ ತಾಮ್ರವಿದೆ. ಸಿಗಡಿ, ಬಸವನಹುಳುಗಳಿಗೆ ತಾಮ್ರ ಸ್ವಲ್ಪವಾದರೂ ಸಾಕು, ಉಳಿಯುವುದಿಲ್ಲ. ಕೀಟನಾಶಕ, ಕಳೆನಾಶಕ, ಡೀಸೆಲ್, ಸೀಮೆಎಣ್ಣೆ, ಪೇಂಟ್ ಥಿನ್ನರ್ ಇವುಗಳಲ್ಲಿ ಯಾವುದು ಇತ್ತೆಂದು ಗೊತ್ತಾದರೂ ಅಲ್ಲಿಂದಲೇ ವಾಪಸ್ ಬನ್ನಿ. ಗಾಜು ಇವನ್ನು ಹೀರಿಕೊಳ್ಳುವುದಿಲ್ಲ, ಆದರೆ ಸಿಲಿಕೋನ್ ಹೀರುತ್ತದೆ. ಆಮೇಲೆ ನೀರಿಗೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಎಷ್ಟು ತೊಳೆದರೂ ಹೋಯಿತೋ ಇಲ್ಲವೋ ಎಂದು ಮನೆಯಲ್ಲಿ ಪರೀಕ್ಷಿಸಲು ದಾರಿಯಿಲ್ಲ. ಸಿಮೆಂಟ್ ಅಥವಾ ಸುಣ್ಣ ಕಲಸಿದ್ದ ಟ್ಯಾಂಕು ಇಷ್ಟು ಕೆಟ್ಟದ್ದಲ್ಲ, ವಿನಿಗರ್ ಹಾಕಿ ಉಜ್ಜಿದರೆ ಬಿಡುತ್ತದೆ. ಗೀರು ಮಾತ್ರ ಉಳಿಯುತ್ತದೆ.

ನೋಡಲು ಹೋಗುವಾಗ

ಬೆಳಿಗ್ಗೆ 9ರ ಒಳಗೆ ಹೋಗಿ. ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲೆ ಕಾದಿರುವ ಗಾಜಿಗೆ ಬೋರಿನ ತಣ್ಣೀರು ಬಿಟ್ಟರೆ ಫಟ್ಟನೆ ಸೀಳಬಹುದು. ಸಾಮಾನ್ಯ ಗಾಜು ಒಂದೇ ಹಲಗೆಯಲ್ಲಿ ಸುಮಾರು 40 ಡಿಗ್ರಿ ವ್ಯತ್ಯಾಸವನ್ನು ತಡೆಯುವುದು ಕಷ್ಟ. ಮಾರುವವರ ತಪ್ಪಲ್ಲದ ಸೀಳಿಗೆ ಅಲ್ಲಿ ಜಗಳವಾಗುವುದು ಬೇಡ.

ಜೊತೆಗೆ ಒಂದು ಅಡಿಯ ಸ್ಟೀಲ್ ಸ್ಕೇಲು, ಟೇಪು, ಎರಡು ಮೀಟರ್ ದಾರ, ಹಳೇ ಪೇಪರು, ಒದ್ದೆ ಬಟ್ಟೆ, ಅರ್ಧ ನಿಂಬೆಹಣ್ಣು ಇರಲಿ. ಟಾರ್ಚು ಮೊಬೈಲಿನಲ್ಲೇ ಇದೆ. ಟ್ಯಾಂಕನ್ನು ಎತ್ತುವ ಮೊದಲು ಕೆಳಗೆ ಕೋಲಾಡಿಸಿ. ಕಲ್ಲು ಸೀಮೆ ಇದು. ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು ಕಡೆ ವರ್ಷಗಟ್ಟಲೆ ಅಲುಗಾಡದ ಯಾವುದೇ ವಸ್ತುವಿನ ಕೆಳಗೆ ಚೇಳು ಇರಬಹುದೆಂದೇ ಭಾವಿಸಬೇಕು. ಒಳಗೆ ಇಲಿ ಹಿಕ್ಕೆ ಕಂಡರೆ ಬರಿಗೈ ಹಾಕಬೇಡಿ. ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ.

ಬಿಳಿ ಗೆರೆ ಹೇಳುವುದು

ಒಳಗಾಜಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಇರುತ್ತದೆ. ಇಲ್ಲಿನ ಬೋರ್ ನೀರು ಗಡಸು. ಟ್ಯಾಂಕಿನಲ್ಲಿ ಮೀನಿದ್ದ ಕಾಲದಲ್ಲಿ ನೀರು ಆವಿಯಾಗುತ್ತಾ, ಮತ್ತೆ ತುಂಬುತ್ತಾ ಸುಣ್ಣದಂಶ ಅಲ್ಲಿ ಕಟ್ಟಿರುತ್ತದೆ. ತುಂಗಭದ್ರೆಯ ನೀರೋ ಭದ್ರಾ ಚಾನೆಲ್ ನೀರೋ ಹಾಕಿದ್ದ ಟ್ಯಾಂಕಿನಲ್ಲಿ ಗೆರೆ ತೆಳು, ಬೋರಿನದಾದರೆ ಉಗುರಿಗೆ ತಾಗುವಷ್ಟು ದಪ್ಪ. ಗಲೀಜು ಅಂತ ತಿಕ್ಕಿ ತೆಗೆಯುವ ಮೊದಲು ಅದನ್ನು ಓದಿಕೊಳ್ಳಿ.

ಗೆರೆ ಮೇಲಂಚಿನಿಂದ ಎರಡು ಇಂಚು ಕೆಳಗಿದ್ದರೆ ಟ್ಯಾಂಕು ಪೂರ್ತಿ ತುಂಬಿ ಓಡಿದೆ ಎಂದರ್ಥ, ಅಂದರೆ ಒಂದು ಕಾಲಕ್ಕೆ ಪೂರ್ತಿ ಭಾರ ತಡೆದಿದೆ. ಅರ್ಧದಲ್ಲೇ ದಪ್ಪ ಗೆರೆ ಇದ್ದು ಮೇಲೆ ಏನೂ ಇಲ್ಲದಿದ್ದರೆ, "ಯಾಕೆ ಅರ್ಧವೇ ತುಂಬುತ್ತಿದ್ದಿರಿ?" ಎಂದು ಕೇಳಿ. ಆಮೆ ಸಾಕಿದ್ದರು ಅನ್ನುವ ಉತ್ತರ ಬರಬಹುದು, ಮೇಲೆ ಸೋರುತ್ತಿತ್ತು ಅನ್ನುವ ಉತ್ತರವನ್ನು ಮಾತ್ರ ಯಾರೂ ಕೊಡುವುದಿಲ್ಲ.

ಆಮೇಲೆ ಸ್ಕೇಲಿನಿಂದ ಮೇಲಂಚಿಗೂ ಗೆರೆಗೂ ಇರುವ ಅಂತರವನ್ನು ನಾಲ್ಕು ಮೂಲೆಯಲ್ಲೂ ಅಳೆಯಿರಿ. ನಿಂತ ನೀರಿನ ಮೇಲ್ಮೈ ಯಾವಾಗಲೂ ಮಟ್ಟ, ಹಾಗಾಗಿ ಟ್ಯಾಂಕು ಹೇಗೆ ಕೂತಿತ್ತು ಅನ್ನುವುದನ್ನು ಗೆರೆ ಸುಳ್ಳಿಲ್ಲದೆ ಹೇಳುತ್ತದೆ. ಎಡಗಡೆ 50 ಮಿ.ಮೀ., ಬಲಗಡೆ 56, ಹಿಂದಿನ ಗಾಜಿನಲ್ಲೂ ಅದೇ ಲೆಕ್ಕ ಬಂದರೆ ಸ್ಟ್ಯಾಂಡು ಸ್ವಲ್ಪ ವಾಲಿತ್ತು ಅಷ್ಟೇ. ಮುಂದಿನ ಗಾಜಿನಲ್ಲಿ ಎಡಕ್ಕೆ ವಾಲಿ ಹಿಂದಿನದರಲ್ಲಿ ಬಲಕ್ಕೆ ವಾಲಿದ್ದರೆ ಟ್ಯಾಂಕು ತಿರುಚಿಕೊಂಡು ನಿಂತಿತ್ತು. ತಿರುಚಿದ ಟ್ಯಾಂಕಿನ ಒತ್ತಡ ಬೀಳುವುದು ಲಂಬ ಮೂಲೆಗಳ ಕೀಲಿಗೆ. ಅಂಥದ್ದನ್ನು ನೀರು ತುಂಬಿ ನೋಡದೆ ತರಲೇಬಾರದು.

ಗೆರೆಯ ಮೇಲೆ ನಿಂಬೆರಸ ಒಂದು ಹನಿ ಬಿಡಿ. ಗುಳ್ಳೆ ಬಂದರೆ ಅದು ಸುಣ್ಣದಂಶ, ತೊಳೆದರೆ ಹೋಗುತ್ತದೆ. ಕೆಳಗೆಲ್ಲೋ ಇನ್ನೊಂದು ಕಂದು ಗೆರೆ ಇದ್ದು, ನಿಂಬೆರಸಕ್ಕೆ ಸುಮ್ಮನಿದ್ದು ಒದ್ದೆ ಬಟ್ಟೆಗೆ ಮಣ್ಣಾಗಿ ಬಂದರೆ ಅದು ಮಳೆ ನೀರು ನಿಂತದ್ದರ ಗುರುತು. ನಿಂಬೆಗೂ ಬಟ್ಟೆಗೂ ಜಗ್ಗದ ಮಂಜುಮಂಜಾದ ಬಿಳುಪು ಗಾಜಿನ ಮೈಯೇ ಸವೆದದ್ದು. ಅದು ಹೋಗುವುದಿಲ್ಲ. ಒದ್ದೆ ಬೆರಳು ಸವರಿದಾಗ ಮಾಯವಾದರೆ ನೀರು ತುಂಬಿದ ಮೇಲೂ ಕಾಣುವುದಿಲ್ಲ, ಬೆಲೆ ಇಳಿಸಿಕೊಳ್ಳಲು ಮಾತ್ರ ಬಳಸಿ. ಒದ್ದೆ ಮಾಡಿದರೂ ಕಂಡರೆ ಮುಂದಿನ ಗಾಜಿಗೆ ಅದು ಬೇಡ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರದ ಮಾಳಿಗೆಗಳಿಂದ ಬಂದ ಟ್ಯಾಂಕುಗಳಿಗೆ ಮಸಿ ಹಿಡಿದಿರುತ್ತದೆ. ಅದು ನೋಡಲಷ್ಟೇ ಕೆಟ್ಟದು.

ಗಾಜು

ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ಪ್ರತಿ ಹಲಗೆಯನ್ನೂ ನೋಡಿ. ಗೀರು ಮೇಲ್ಮೈಯಲ್ಲಿರುತ್ತದೆ, ಉಗುರಿಗೆ ಸಿಗುತ್ತದೆ. ಬಿರುಕು ಒಳಗಿರುತ್ತದೆ, ಬೆಳಕು ಬಿದ್ದಾಗ ಬೆಳ್ಳಿ ತಗಡಿನಂತೆ ಫಳಕ್ಕೆನ್ನುತ್ತದೆ. ಬಿರುಕು ಕೂದಲೆಳೆಯಷ್ಟಿದ್ದರೂ ಆ ಹಲಗೆ ಮುಗಿಯಿತು. ತುದಿಗೆ ತೂತು ಕೊರೆದರೆ ನಿಲ್ಲುತ್ತದೆ, ಮೇಲೆ ಸಿಲಿಕೋನ್ ಹಚ್ಚಿದರೆ ಸಾಕು ಅನ್ನುವ ಸಲಹೆಗಳು ಬರುತ್ತವೆ. ನೀರಿನ ಟ್ಯಾಂಕಿಗೆ ಅವು ನಡೆಯುವುದಿಲ್ಲ.

ಅಂಚಿನಲ್ಲಿ ಚಿಪ್ಪಿನಾಕಾರದ ಚೂರು ಹಾರಿದ್ದರೆ ಎಲ್ಲಿ ಹಾರಿದೆ ಎನ್ನುವುದರ ಮೇಲೆ ತೀರ್ಮಾನ. ಮೇಲಂಚಿನ ನಡುವೆ, ಕೀಲಿನಿಂದ ದೂರ, ಗಾಜಿನ ದಪ್ಪದ ಕಾಲು ಭಾಗಕ್ಕಿಂತ ಕಡಿಮೆ ಆಳವಿದ್ದರೆ ಸಾಣೆಕಲ್ಲಿನಿಂದ ಒದ್ದೆಯಾಗಿ ಉಜ್ಜಿ ಮೊಂಡು ಮಾಡಿಕೊಂಡು ಬಳಸಬಹುದು. ಕೆಳಮೂಲೆಯಲ್ಲಿ, ಸಿಲಿಕೋನ್ ಇರುವ ಜಾಗದಲ್ಲೇ ಹಾರಿದ್ದರೆ ಬೇಡ. ಅಲ್ಲಿ ಒತ್ತಡ ಅತಿ ಹೆಚ್ಚು.

ಆ ಒತ್ತಡ ಎಷ್ಟೆಂದರೆ, 120 ಸೆಂ.ಮೀ. ಉದ್ದ, 45 ಸೆಂ.ಮೀ. ಎತ್ತರ ನೀರು ನಿಂತ ಮುಂದಿನ ಗಾಜಿನ ಮೇಲೆ ಒಟ್ಟು ತಳ್ಳುವ ಬಲ ಸುಮಾರು 120 ಕೆ.ಜಿ. ತೂಕದಷ್ಟು. 60 ಸೆಂ.ಮೀ. ಉದ್ದ, 30 ಎತ್ತರದ್ದಾದರೆ ಬರೀ 27. ಎರಡರಷ್ಟು ಉದ್ದ, ಒಂದೂವರೆಯಷ್ಟು ಎತ್ತರಕ್ಕೆ ಬಲ ನಾಲ್ಕೂವರೆ ಪಟ್ಟಾಯಿತು. ಎತ್ತರ ಹೆಚ್ಚಿದಂತೆ ಗಾಜು ದಪ್ಪವಾಗಬೇಕಾದ್ದು ಇದಕ್ಕೇ. 2 ಅಡಿ ಉದ್ದ ಒಂದಡಿ ಎತ್ತರಕ್ಕೆ 5 ಎಂಎಂ ಸಾಕು. 3 ಅಡಿ ಉದ್ದ ಒಂದೂವರೆ ಅಡಿ ಎತ್ತರಕ್ಕೆ 8 ಎಂಎಂ ಇರಲಿ. 4 ಅಡಿಗೆ, ಅದೇ ಎತ್ತರಕ್ಕೆ, ಅಡ್ಡಪಟ್ಟಿಯೊಂದಿಗೆ 10, ಪಟ್ಟಿಯಿಲ್ಲದಿದ್ದರೆ 12. ಅಗ್ಗಕ್ಕೆ ಮಾಡಿಸಿದ 4 ಅಡಿ ಟ್ಯಾಂಕುಗಳಲ್ಲಿ 6 ಎಂಎಂ ಗಾಜೂ ಕಾಣಸಿಗುತ್ತದೆ. ಹೊಸದಾಗಿದ್ದಾಗ ಹೇಗೋ ನಿಂತಿರಬಹುದು, ಬಯಲಲ್ಲಿ ವರ್ಷ ಕಳೆದ ಮೇಲೆ ಮತ್ತೆ ತುಂಬಲು ಧೈರ್ಯ ಮಾಡಬೇಡಿ. ದಪ್ಪವನ್ನು ಮೇಲಂಚಿನಲ್ಲಿ ಸ್ಕೇಲಿಟ್ಟೇ ಅಳೆಯಬೇಕು. ಮಾರುವವರ ಬಾಯಲ್ಲಿ 8 ಎಂಎಂ ಗಾಜು ಬೇಗ 10 ಆಗುತ್ತದೆ.

ಮೇಲೆ ಉದ್ದಕ್ಕೂ ಅಡ್ಡಕ್ಕೂ ಅಂಟಿಸಿದ ಗಾಜಿನ ಪಟ್ಟಿಗಳು ಅಲಂಕಾರಕ್ಕಲ್ಲ. ಟ್ಯಾಂಕಿನ ಹೊಟ್ಟೆ ಉಬ್ಬದಂತೆ ಹಿಡಿಯುವುದು ಅವೇ. ಎತ್ತಲು ಹಿಡಿಯಾಗಿ ಬಳಸಿದ್ದರಿಂದ ಅವು ಬಿಟ್ಟಿರುವುದು ಸಾಮಾನ್ಯ. ಒಂದೊಂದನ್ನೂ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ನೋಡಿ. ಅಲುಗಿದರೆ ತೆಗೆದು ಮತ್ತೆ ಅಂಟಿಸುವವರೆಗೆ ನೀರು ತುಂಬುವ ಪ್ರಶ್ನೆಯೇ ಇಲ್ಲ.

ಪ್ಲಾಸ್ಟಿಕ್ ಚೌಕಟ್ಟಿನ, ಮುಂದೆ ಬಾಗಿದ ಗಾಜಿನ ರೆಡಿಮೇಡ್ ಟ್ಯಾಂಕುಗಳಿಗೆ ಮಾತ್ರ ಬಿಸಿಲು ನಿಜವಾದ ಶತ್ರು. ಚೌಕಟ್ಟಿನ ಪ್ಲಾಸ್ಟಿಕ್ ಪೆಡಸಾಗಿ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಆ ಚೌಕಟ್ಟೇ ಟ್ಯಾಂಕನ್ನು ಬಿಗಿ ಹಿಡಿದಿರುವುದರಿಂದ, ಒಡೆದಿದ್ದರೆ ಬಿಡಿ. ಅಕ್ರಿಲಿಕ್ ಟ್ಯಾಂಕು ಈ ಕಡೆ ಅಪರೂಪ. ಸಿಕ್ಕರೂ ಮೈಯೆಲ್ಲ ಜೇಡರಬಲೆಯಂಥ ಸಣ್ಣ ಗೀಟು ಕಂಡರೆ ಬೇಡ.

ಸಿಲಿಕೋನ್

ಟ್ಯಾಂಕಿನಲ್ಲಿ ಸಿಲಿಕೋನ್ ಎರಡು ಕಡೆ ಇದೆ, ಎರಡರ ಕೆಲಸವೂ ಬೇರೆ. ಒಳಮೂಲೆಗಳಲ್ಲಿ ಬೆರಳಿನಿಂದ ಸವರಿದಂತೆ ಕಾಣುವ ಪಟ್ಟಿ ನೀರಿಗೆ ಕಾವಲು. ಗಾಜಿನ ಅಂಚು ಇನ್ನೊಂದು ಗಾಜಿಗೆ ಕೂಡುವಲ್ಲಿ, ನಡುವೆ ಇರುವ ಒಂದೆರಡು ಮಿಲಿಮೀಟರ್ ಪದರವೇ ಟ್ಯಾಂಕನ್ನು ಹಿಡಿದು ನಿಲ್ಲಿಸುವುದು. ಪಟ್ಟಿ ಹೋದರೆ ರಿಪೇರಿ ಇದೆ. ಪದರ ಹೋದರೆ ಇಡೀ ಟ್ಯಾಂಕು ಬಿಚ್ಚಿ ಕಟ್ಟಬೇಕು.

ಮೊದಲು ಪಟ್ಟಿ. ಉಗುರಿನಿಂದ ಒತ್ತಿ ಬಿಡಿ. ರಬ್ಬರಿನಂತೆ ಹಿಂದಕ್ಕೆ ಬಂದರೆ ಸರಿ. ಉಗುರಿನ ಗುರುತು ಹಾಗೇ ಉಳಿದರೆ, ಜಿಗುಟಾಗಿದ್ದರೆ, ಸುಣ್ಣದಂತೆ ಪುಡಿಯಾದರೆ ಸರಿಯಿಲ್ಲ. ಮೇಲ್ತುದಿಯನ್ನು ಬೆರಳಿನಿಂದ ಸುಲಿಯಲು ನೋಡಿ. ಒಳ್ಳೆಯ ಸಿಲಿಕೋನ್ ಹರಿಯುತ್ತದೆಯೇ ಹೊರತು ಗಾಜನ್ನು ಬಿಡುವುದಿಲ್ಲ. ಬಾಳೆಸಿಪ್ಪೆಯಂತೆ ಉದ್ದಕ್ಕೆ ಎದ್ದು ಬಂದರೆ ಅದು ಅಂಟಿಯೇ ಇರಲಿಲ್ಲ. ಕೆಳಮೂಲೆಯಲ್ಲಿ ಚೂರುಚೂರು ಕಿತ್ತುಹೋದಂತಿದ್ದರೆ ಇಲಿ ಕಡಿದಿದೆ. ಹೊರಗಿಟ್ಟ ಟ್ಯಾಂಕಿನಲ್ಲಿ ಇದು ಹೊಸದಲ್ಲ. ಇನ್ನೊಂದು ಕಾರಣ ಬ್ಲೇಡು: ಪಾಚಿ ಕೆರೆಯುವಾಗ ಮೂಲೆಗೆ ಬ್ಲೇಡು ತಾಗಿ ಪಟ್ಟಿ ಸೀಳಿರುತ್ತದೆ. ಅಲ್ಲಿಂದಲೇ ಸೋರಿಕೆ ಶುರು.

ಆಮೇಲೆ ಪದರ. ಹೊರಗಿನಿಂದ, ಗಾಜಿನ ಮೂಲಕ ಕೀಲಿನ ಮೇಲೆ ಟಾರ್ಚು ಬಿಡಿ. ಆರೋಗ್ಯವಾಗಿದ್ದ ಪದರ ಕಪ್ಪಾಗಿರಲಿ, ಪಾರದರ್ಶಕವಾಗಿರಲಿ, ಉದ್ದಕ್ಕೂ ಒಂದೇ ಬಣ್ಣ. ಸಾಸಿವೆ ಕಾಳಿನಂಥ ಬಿಡಿ ಗುಳ್ಳೆಗಳು ಟ್ಯಾಂಕು ಮಾಡುವಾಗಲೇ ಸಿಕ್ಕಿಕೊಂಡವು, ಬಿಟ್ಟುಬಿಡಿ. ನೋಡಬೇಕಾದ್ದು ಒಳಬದಿಯಿಂದ ಹೊರಕ್ಕೆ ನುಗ್ಗಿರುವ ಬಿಳಿ ಅಥವಾ ಹಸಿರು ನಾಲಿಗೆಯಂಥ ಮಚ್ಚೆಗಳು. ಅಲ್ಲಿ ಸಿಲಿಕೋನ್ ಗಾಜನ್ನು ಬಿಟ್ಟಿದೆ, ಗಾಳಿಯೋ ಪಾಚಿಯೋ ಒಳಸೇರಿದೆ. 10 ಎಂಎಂ ಗಾಜಿನ ಕೀಲಿನಲ್ಲಿ ಮಚ್ಚೆ 2–3 ಎಂಎಂ ಹೋಗಿದ್ದರೆ ಸಹಿಸಬಹುದು. 5 ದಾಟಿದ್ದರೆ, ಅಂದರೆ ಕೀಲಿನ ಅರ್ಧ ಹೋಗಿದ್ದರೆ, ಆ ಟ್ಯಾಂಕಿಗೆ ಹಾಳೆ ಗಾಜಿನ ಬೆಲೆಯಷ್ಟೇ ಕೊಡಿ. ಹಸಿರು ಕಂಡರೆ ನೀರಿದ್ದಾಗಲೇ ಬಿಟ್ಟಿತ್ತು ಎಂದು ತಿಳಿಯಿರಿ.

ಹೊಸ ಸಿಲಿಕೋನ್ ಹಚ್ಚಿ ಮಿರಮಿರ ಮಾಡಿ ಮಾರುವವರೂ ಇದ್ದಾರೆ. ಹಳೇ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಕಂಡರೆ ಅದು ಮೋಸವಲ್ಲದಿದ್ದರೂ ಅಜ್ಞಾನವಂತೂ ಹೌದು. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಗಟ್ಟಿಯಾಗಿ ಹಿಡಿಯುವುದಿಲ್ಲ.

ಕೊನೆಗೆ ಮೂಗು. ಒದ್ದೆ ಬಟ್ಟೆಯಿಂದ ಮೂಲೆ ತಿಕ್ಕಿ ವಾಸನೆ ನೋಡಿ. ಮಣ್ಣು, ಪಾಚಿ ವಾಸನೆ ಇದ್ದರೆ ಸರಿ. ಎಣ್ಣೆ, ಥಿನ್ನರ್, ಔಷಧಿ ಅಂಗಡಿಯ ಘಾಟು ಬಂದರೆ ಮಾತು ಮುಗಿಯಿತು.

ನೀರು ತುಂಬಿ ನೋಡುವುದು

"ಸೋರಲ್ಲಣ್ಣ, ಗ್ಯಾರಂಟಿ" ಅನ್ನುವವರು ನೀರು ತುಂಬಲು ಒಪ್ಪದಿದ್ದರೆ, ಸೋರುತ್ತದೆ ಎಂದುಕೊಂಡೇ ಬೆಲೆ ಕಟ್ಟಿ. ಒಪ್ಪಿದರೆ ನೆರಳಿನಲ್ಲಿ, ಮಟ್ಟವಾದ ಜಾಗದಲ್ಲಿ, ಅರ್ಧ ಇಂಚಿನ ಥರ್ಮೋಕೋಲ್ ಮೇಲೆ ಇಡಿಸಿ. ತಳದ ಸುತ್ತ ನೆಲಕ್ಕೆ ಒಣ ರಂಗೋಲಿ ಪುಡಿಯ ಗೆರೆ ಎಳೆಯಿರಿ. ಒಂದು ಹನಿ ಬಿದ್ದರೂ ಗೆರೆಯ ಬಣ್ಣ ಬದಲಾಗುತ್ತದೆ, ಪೇಪರಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಕಾಲು ಭಾಗ ತುಂಬಿ ಅರ್ಧ ಗಂಟೆ, ಅರ್ಧಕ್ಕೆ ತುಂಬಿ ಒಂದು ಗಂಟೆ, ಆಮೇಲೆ ಪೂರ್ತಿ. ಪ್ರತಿ ಹಂತದಲ್ಲೂ ಮುಂದಿನ ಗಾಜಿನ ಮೇಲಂಚಿನ ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಬಿಗಿಹಿಡಿದು ನಡುವೆ ಗಾಜು ಎಷ್ಟು ಹೊರಗೆ ಬಂದಿದೆ ನೋಡಿ. 4 ಅಡಿಗೆ ಒಂದೆರಡು ಎಂಎಂ ಸಹಜ, 3 ದಾಟಿದರೆ ನೀರು ಇಳಿಸಿ. ತುಂಬುವಾಗ ಮುಂದೆ ನಿಲ್ಲಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

24 ಗಂಟೆ ಕನಿಷ್ಠ, 48 ಆದರೆ ನೆಮ್ಮದಿ. ನೀರಿನ ಮಟ್ಟಕ್ಕೆ ಟೇಪು ಅಂಟಿಸಿ, ಪಕ್ಕದಲ್ಲೇ ಒಂದು ಬಕೆಟ್ಟಿಗೂ ನೀರು ತುಂಬಿ ಗುರುತು ಹಾಕಿ. ನಮ್ಮ ಕಡೆ ಬೇಸಿಗೆಯ ಒಣಗಾಳಿಗೆ ನೀರು ಆರುವುದನ್ನೇ ಸೋರಿಕೆ ಎಂದುಕೊಂಡು ಒಳ್ಳೆ ಟ್ಯಾಂಕು ಬಿಟ್ಟು ಬಂದವರಿದ್ದಾರೆ. ಎರಡೂ ಸರಿಸುಮಾರು ಸಮನಾಗಿ ಇಳಿದರೆ ಆವಿಯಾದದ್ದು, ಟ್ಯಾಂಕು ಮಾತ್ರ ಹೆಚ್ಚು ಇಳಿದರೆ ಸೋರಿದ್ದು.

ಸೋರಿದರೆ ತಕ್ಷಣ ಖಾಲಿ ಮಾಡಬೇಡಿ, ಸೋರಲು ಬಿಡಿ. ನೀರು ಎಲ್ಲಿಗೆ ಬಂದು ನಿಲ್ಲುತ್ತದೋ ಸಂದು ಆ ಎತ್ತರದಲ್ಲಿದೆ. ಹೊರಗೆ ಹನಿಯುವ ಜಾಗವನ್ನು ನಂಬಬೇಡಿ. ನೀರು ಕೀಲಿನ ಗುಂಟ ಹರಿದು ಬೇರೆಲ್ಲೋ ಇಳಿಯುತ್ತದೆ.

ಸೋರುವುದನ್ನು ತರಬಹುದೇ?

ಗಾಜು ಚೆನ್ನಾಗಿದ್ದು, ಪದರ ಗಟ್ಟಿಯಿದ್ದು, ಪಟ್ಟಿ ಮಾತ್ರ ಹೋಗಿದ್ದರೆ ತರಬಹುದು. 4 ಅಡಿ ಟ್ಯಾಂಕಿನ ಒಳಮೂಲೆಗಳ ಉದ್ದ ಒಟ್ಟು 5 ಮೀಟರ್ ಚಿಲ್ಲರೆ. 280 ಮಿ.ಲೀ.ನ ಒಂದು ಟ್ಯೂಬು ಸಾಕು, ಪೂರ್ತಿ ಬಿಚ್ಚಿ ಕಟ್ಟುವುದಾದರೆ ಎರಡು. ಅಕ್ವೇರಿಯಂಗೆ ಎಂದೇ ಬರೆದದ್ದನ್ನು ಕೊಳ್ಳಿ. ಬಾತ್‌ರೂಮಿಗೆ ಮಾರುವ, ಬೂಷ್ಟು ತಡೆಯುವ ಔಷಧಿ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ.

ಸೋರುವ ಮೂಲೆಯೊಂದನ್ನೇ ತೇಪೆ ಹಾಕಿದರೆ, ಹಳೇ ಪಟ್ಟಿಯೂ ಹೊಸದೂ ಸೇರುವಲ್ಲಿ ಮತ್ತೆ ಸೋರುತ್ತದೆ. ಹಾಗಾಗಿ ಒಳಪಟ್ಟಿ ಎಲ್ಲವನ್ನೂ ಬ್ಲೇಡಿನಿಂದ ಕೆರೆದು ತೆಗೆಯಬೇಕು, ಗಾಜುಗಳ ನಡುವಿನ ಪದರಕ್ಕೆ ಬ್ಲೇಡು ಇಳಿಯದಂತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನಿನಿಂದ ಒರೆಸಿ. ಪೇಂಟ್ ಥಿನ್ನರ್ ಎಣ್ಣೆ ಉಳಿಸುವುದರಿಂದ ಬೇಡ. ಮೂಲೆಯ ಎರಡೂ ಬದಿ 6 ಎಂಎಂ ಬಿಟ್ಟು ಟೇಪು ಹಚ್ಚಿ, ಎಲ್ಲ ಮೂಲೆಗಳನ್ನೂ ಒಂದೇ ಸಲಕ್ಕೆ ತುಂಬಿ, ಐದು ನಿಮಿಷದೊಳಗೆ ಬೆರಳಿನಿಂದ ಸವರಿ, ಟೇಪನ್ನು ಹಸಿಯಿದ್ದಾಗಲೇ ಕೀಳಿ.

ಒಣಗಲು ಒಂದು ವಾರ ಕೊಡಿ. ಮಾರ್ಚ್, ಏಪ್ರಿಲ್‌ನಲ್ಲಾದರೆ ಹತ್ತು ದಿನ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆಂಬುದು ತಪ್ಪು ತಿಳುವಳಿಕೆ. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಚಿತ್ರದುರ್ಗದ ಬೇಸಿಗೆ ಗಾಳಿಯಲ್ಲಿ ಅದೇ ಕಡಿಮೆ. ಪಕ್ಕದಲ್ಲಿ ಒಂದು ಬುಟ್ಟಿ ಒದ್ದೆ ಬಟ್ಟೆ ಇಟ್ಟರೆ ಒಳ್ಳೆಯದು. ಹಸಿ ಸಿಲಿಕೋನ್ ಬಿಡುವ ವಿನಿಗರ್ ವಾಸನೆ ಪೂರ್ತಿ ಹೋಗುವವರೆಗೆ ನೀರು ಹಾಕಬೇಡಿ.

ಹೊಸದೋ, ಹಳೆಯದೋ

2 ಅಡಿ ಟ್ಯಾಂಕಿಗೆ ಇಷ್ಟೆಲ್ಲ ತಲೆಬಿಸಿ ಬೇಡ, ಹೊಸದು ಮಾಡಿಸಿ. ಟ್ಯೂಬು, ಆಟೋ ಬಾಡಿಗೆ, ಒಂದು ದಿನದ ಕೆಲಸ ಸೇರಿಸಿದರೆ ಉಳಿಯುವುದು ಏನೂ ಇಲ್ಲ. ಹಳೆಯದರಲ್ಲಿ ಲಾಭ ಕಾಣುವುದು 3 ಅಡಿ, 8 ಎಂಎಂ ದಾಟಿದ ಮೇಲೆ, ಅಲ್ಲಿ ಗಾಜಿನ ಬೆಲೆಯೇ ದೊಡ್ಡದು. ಹೋಗುವ ಮೊದಲು ಊರಿನ ಟ್ಯಾಂಕು ಮಾಡುವ ಅಂಗಡಿಯಲ್ಲಿ ಅದೇ ಅಳತೆ, ಅದೇ ದಪ್ಪಕ್ಕೆ ಹೊಸದರ ಬೆಲೆ ಕೇಳಿಕೊಳ್ಳಿ. ಬಯಲಲ್ಲಿದ್ದು, ನೀರು ತುಂಬಿ ನೋಡಿ ಸೋರದೆ ನಿಂತದ್ದಕ್ಕೆ ಅದರ ಅರ್ಧದವರೆಗೆ ಕೊಡಬಹುದು. ನೋಡಲು ಬಿಡದ್ದಕ್ಕೆ ಕಾಲು ಭಾಗ ಮೀರಬೇಡಿ. ಮೀನಿಗೆ ಬಾರದ ಟ್ಯಾಂಕೂ ಕಳ್ಳಿ ಗಿಡ ನೆಡಲು ಆಗುತ್ತದೆ, ಆದರೆ ಅದಕ್ಕೆ ಅಕ್ವೇರಿಯಂ ಬೆಲೆ ಯಾಕೆ?

ಜೊತೆಗೆ ಕೊಡುವ ಪಂಪು, ಲೈಟು, ಹೀಟರ್ ಹೊರಗಡೆಯೇ ಇದ್ದವಾದರೆ ಬಿಟ್ಟಿ ಕೊಟ್ಟರೂ ನೀರಿಗೆ ಇಳಿಸಬೇಡಿ. ಬಿಸಿಲಿಗೆ ವೈರಿನ ಮೇಲ್ಪದರ ಬಿರಿದಿರುತ್ತದೆ, ಕೈಹಾಕಿದಾಗ ಶಾಕು. ಪ್ಲೈವುಡ್ ಸ್ಟ್ಯಾಂಡು ಒದ್ದೆಯಾಗಿ ಉಬ್ಬಿದ್ದರೆ ಸೌದೆ ಅಷ್ಟೇ. ಕಬ್ಬಿಣದ ಆಂಗಲ್ ಸ್ಟ್ಯಾಂಡಾದರೆ ವೆಲ್ಡಿಂಗ್ ಜಾಗಗಳನ್ನು ಸುತ್ತಿಗೆಯಿಂದ ತಟ್ಟಿ. ತುಕ್ಕು ಪದರಪದರವಾಗಿ ಉದುರಿ ಲೋಹ ತೆಳುವಾಗಿದ್ದರೆ ಬೇಡ, ಮೇಲ್ತುಕ್ಕಾದರೆ ಉಜ್ಜಿ ರೆಡ್ ಆಕ್ಸೈಡ್ ಹೊಡೆಸಿ. ನೆನಪಿಡಿ, 4 ಅಡಿ ಟ್ಯಾಂಕಿನ ಗಾಜೇ 50 ಕೆ.ಜಿ., ನೀರು 250 ಲೀಟರ್. ಜಲ್ಲಿ ಸೇರಿ 320 ದಾಟುತ್ತದೆ.

ತಂದ ಮೇಲೆ

ಸಾಗಿಸುವಾಗ ತಳ ಕೆಳಗಿರುವಂತೆಯೇ, ಕೆಳಗೆ ಎರಡು ಮಡಿಕೆ ಕೌದಿ ಹಾಸಿ. ಅಡ್ಡಪಟ್ಟಿ ಹಿಡಿದು ಎತ್ತಬಾರದು, ತಳಕ್ಕೆ ಕೈ ಕೊಡಬೇಕು. 4 ಅಡಿಗೆ ಮೂವರು ಬೇಕು. ಒಳಗೆ ಕಲ್ಲು, ಜಲ್ಲಿ ಒಂದೂ ಇರಬಾರದು.

ಬರೀ ನೀರಿನಿಂದ ಮಣ್ಣು ತೆಗೆದು, ಸುಣ್ಣದ ಗೆರೆಗೆ ವಿನಿಗರಿನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಅಂಟಿಸಿ, ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಪಾತ್ರೆ ಸೋಪು, ಟಾಯ್ಲೆಟ್ ಆಸಿಡ್ ಬೇಡ. ವಿನಿಗರ್ ಪೂರ್ತಿ ತೊಳೆದುಹೋದ ಮೇಲೇ ಬ್ಲೀಚಿಂಗ್ ಪೌಡರ್ ತೆಗೆದುಕೊಳ್ಳಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ತಾಜಾ ಪುಡಿ 10 ಲೀಟರಿಗೆ ಎರಡು ಟೀ ಚಮಚದ ಲೆಕ್ಕದಲ್ಲಿ ಕಲಕಿ, ಗಸಿ ಇಳಿದ ಮೇಲೆ ತಿಳಿನೀರು ಮಾತ್ರ ಬಳಸಿ ಒಂದು ಗಂಟೆ ನೆನೆಸಿ. ಮೂರು ಸಲ ತೊಳೆದು, ಒಂದು ದಿನ ಬಿಸಿಲಿಗೆ ಒಣಗಿಸಿ. ಆಮೇಲೂ ಕ್ಲೋರಿನ್ ವಾಸನೆ ಉಳಿದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಕ್ಲೋರಿನ್ ಕಳೆಯುವ ಹೈಪೋ ಹರಳು ಕರಗಿಸಿದ ನೀರಿನಿಂದ ಮತ್ತೊಮ್ಮೆ ತೊಳೆಯಿರಿ.

ಆಮೇಲೆ ಟ್ಯಾಂಕನ್ನು ಅದು ಕಾಯಂ ಇರಬೇಕಾದ ಸ್ಟ್ಯಾಂಡಿನ ಮೇಲೇ, ಹೊಸ ಥರ್ಮೋಕೋಲ್ ಹಾಕಿ ಇಟ್ಟು, ಜಲ್ಲಿಯಿಲ್ಲದೆ ಬರೀ ನೀರು ತುಂಬಿ ಒಂದು ವಾರ ಬಿಡಿ. ಮಾರಿದವರ ಅಂಗಳದಲ್ಲಿ ಸೋರದ್ದು ನಿಮ್ಮ ಹಜಾರದ ನೆಲದ ವಾಟಕ್ಕೆ ಸೋರಬಹುದು. ಥರ್ಮೋಕೋಲ್ ಒಂದು ಮೂಲೆಯಲ್ಲಿ ಮಾತ್ರ ಹೆಚ್ಚು ಅಮುಕಿದ್ದರೆ ನೀರು ಇಳಿಸಿ, ಸ್ಟ್ಯಾಂಡಿನ ಆ ಕಾಲಿನ ಕೆಳಗೆ ತಗಡು ಕೊಟ್ಟು ಮಟ್ಟ ಮಾಡಿ. ಎಂಟನೇ ದಿನ ಕೆಳಗೆ ಕೈಯಾಡಿಸಿ, ಒಣಗಿದ್ದರೆ ಆ ನೀರನ್ನು ಗಿಡಗಳಿಗೆ ಹಾಕಿ ಜಲ್ಲಿ ತೊಳೆಯಲು ಶುರು ಮಾಡಿ.